ಮುಯ್ಯಾಳಿಗೆ ಕೂಲಿ ಎಷ್ಟು?

ನನಗೆ ಭಯ ಶುರುವಾಗುವುದು ಹೊಟ್ಟೆಯಿಂದ. ಮೊದಲು ಹೊಕ್ಕುಳ ಸುತ್ತ ತಣ್ಣಗಾಗುತ್ತದೆ, ಆಮೇಲೆ ಅಂಗೈ ಬೆವರುತ್ತದೆ, ಕೊನೆಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮನೆಯಲ್ಲಿ ನನಗೆ ಪುಕ್ಕಲಿ ಅಂತಲೇ ಹೆಸರು. ಹಲ್ಲಿ ಬಿದ್ದರೆ ಕಿರುಚುವವಳು, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಗಂಡನ ಕೈಗೆ ಕೊಡುವವಳು. ಅಂಥವಳ ಕೈಗೆ ಮಿಲಿಟರಿ ಉಪಗ್ರಹ ಯೋಜನೆಯೊಂದರ ಖರ್ಚಿನ ಅಂದಾಜು ಬಂದದ್ದು ಯಾರ ಗ್ರಹಚಾರವೋ, ನನ್ನದೋ ದೇಶದ್ದೋ, ಇವತ್ತಿಗೂ ಗೊತ್ತಿಲ್ಲ.

ನಾನು ಕೆಲಸ ಮಾಡುವ ಸಂಸ್ಥೆ ಇರುವುದು ಹಾಸನದಿಂದ ಗೊರೂರಿಗೆ ಹೋಗುವ ರಸ್ತೆಯಲ್ಲಿ. ಉಪಗ್ರಹ ಮೇಲೆ ಹಾರಿದ ಮೇಲೆ ಅದರ ಜೊತೆ ಮಾತಾಡಲು ನೆಲದ ಮೇಲೊಂದು ಆಂಟೆನಾ ಬೇಕಲ್ಲ, ಅದನ್ನು ಕಟ್ಟಿಕೊಡುವುದು ನಮ್ಮ ಕಸುಬು. ಆಂಟೆನಾ ಅಂದರೆ ಮನೆಯ ಮೇಲಿನ ಟೀವಿ ತಟ್ಟೆಯಲ್ಲ, ಮೂರಂತಸ್ತಿನ ಮನೆಯಷ್ಟು ಎತ್ತರದ್ದು. ನಾನು ಅದನ್ನು ಕಟ್ಟುವವಳಲ್ಲ. ಕಟ್ಟುವ ಮೊದಲೇ, ಇದಕ್ಕೆ ಎಷ್ಟು ಆಳು, ಎಷ್ಟು ತಿಂಗಳು, ಏನೇನು ಸಾಮಾನು ಬೇಕು, ಒಟ್ಟು ಎಷ್ಟಾದೀತು ಅಂತ ಹೇಳುವವಳು. ಆಗಿಹೋದದ್ದನ್ನು ಲೆಕ್ಕ ಹಾಕುವವರಿಗೆ ಅಕೌಂಟೆಂಟ್ ಅನ್ನುತ್ತಾರೆ. ಆಗದೇ ಇರುವುದನ್ನು ಲೆಕ್ಕ ಹಾಕುವ ನನ್ನಂಥವರಿಗೆ ನಮ್ಮ ಕ್ಯಾಂಟೀನಿನಲ್ಲಿ ಜೋಯಿಸರು ಅಂತ ಅಡ್ಡಹೆಸರು.

ಆವತ್ತು ನಮ್ಮ ವಿಭಾಗದ ಮುಖ್ಯಸ್ಥರು ಕರೆದರು. ಅವರನ್ನು ನಾವೆಲ್ಲ ಬರೀ 'ಸಾರ್' ಅನ್ನುತ್ತಿದ್ದೆವು. ಹೊಳೆನರಸೀಪುರದ ದೇವಸ್ಥಾನದ ಬೀದಿಯವರು. ಅಪ್ಪ ಪೂಜೆ ಮಾಡುತ್ತಿದ್ದರು, ಇವರು ಆಂಟೆನಾ ಕಟ್ಟಲು ಬಂದರು. ನನಗೆ ಈ ಅಂದಾಜಿನ ವಿದ್ಯೆಯನ್ನು ಅಕ್ಷರ ತಿದ್ದಿಸಿದ ಹಾಗೆ ಕಲಿಸಿದವರು ಅವರೇ. ಅವರ ಕೋಣೆಯ ಗೋಡೆಯ ಮೇಲೆ ಒಂದೇ ಒಂದು ಫೋಟೋ ಇತ್ತು. ನಮ್ಮ ಹಳೆಯ ಆಂಟೆನಾ ಮೊದಲ ಸಲ ಉಪಗ್ರಹದ ದನಿ ಹಿಡಿದ ದಿನ, ಅದರ ಬುಡದಲ್ಲಿ ನಿಂತು ಎಲ್ಲರೂ ತೆಗೆಸಿಕೊಂಡದ್ದು. ಆ ಆಂಟೆನಾವನ್ನು ಮುಂದೆ ನಿಂತು ಕಟ್ಟಿಸಿದವರು ಸಾರ್. ಅಷ್ಟು ಕಡಿಮೆ ಖರ್ಚಿನಲ್ಲಿ ಅಂಥದ್ದನ್ನು ಯಾರೂ ಕಟ್ಟಿರಲಿಲ್ಲ ಅಂತ ನಮ್ಮ ವಲಯದಲ್ಲೆಲ್ಲ ಹೆಸರಾಗಿತ್ತು. ಹೊಸಬರು ಬಂದರೆ ಸಾರ್ ಮೊದಲು ಆ ಫೋಟೋ ತೋರಿಸಿ ಆಮೇಲೆ ಕೂರಲು ಹೇಳುತ್ತಿದ್ದರು.

"ನೋಡಮ್ಮ, ಮಿಲಿಟರಿಯವರ ಹೊಸ ಉಪಗ್ರಹಗಳ ಸಾಲು. ನೆಲದ ಕೆಲಸ ನಮಗೇ ಬರೋ ಹಾಗಿದೆ. ಎರಡು ಆಂಟೆನಾ. ಅಂದಾಜು ನೀನು ಮಾಡು" ಅಂದರು.

"ನಾನಾ ಸಾರ್?"

"ಮತ್ತೆ? ಪಕ್ಕದ ಮನೆಯವರು ಬಂದು ಮಾಡ್ತಾರಾ?"

ಆಮೇಲೆ ದನಿ ತಗ್ಗಿಸಿದರು. "ಮೇಲಿನವರು ಒಂದು ಮಿತಿ ಹಾಕಿದಾರೆ. ಅದರೊಳಗೆ ಬಂದರೆ ಸಮಿತಿಯವರು ಇಲ್ಲೇ ಒಪ್ಪಿಗೆ ಕೊಟ್ಟು ಹೋಗ್ತಾರೆ. ದಾಟಿತೋ, ಕಡತ ದೆಹಲಿಗೆ. ಅಲ್ಲಿಗೆ ಹೋದದ್ದು ಯಾವ ಜನ್ಮಕ್ಕೆ ವಾಪಸು ಬರುತ್ತೋ. ಅಷ್ಟರಲ್ಲಿ ಇನ್ನೊಂದು ಊರಿನವರು ಎತ್ತಿಕೊಂಡು ಹೋಗ್ತಾರೆ. ನಾನು ರಿಟೈರ್ ಆಗೋದರೊಳಗೆ ಪಾಯ ತೆಗೆಯೋದನ್ನಾದರೂ ನೋಡಬೇಕು ಕಣಮ್ಮ."

ಹೊಕ್ಕುಳ ಸುತ್ತ ತಣ್ಣಗಾದದ್ದು ಆಗಲೇ.

ಮಿಲಿಟರಿ ಕೆಲಸಕ್ಕೆಂದು ಕಚೇರಿಯ ಹಿಂಭಾಗದ ಕಟ್ಟಡವನ್ನು ಬೇರೆ ಮಾಡಿದರು. ಸುತ್ತ ಎತ್ತರದ ಗೋಡೆ ಎದ್ದಿತು, ಕಬ್ಬಿಣದ ಗೇಟು ಬಂತು, ಗೇಟಿನ ಮೇಲೆ ಕ್ಯಾಮೆರಾ ಕೂತಿತು. ಒಳಗೆ ಹೋಗುವವರ ಹೆಸರು ಮೊದಲೇ ಒಪ್ಪಿಗೆ ಆಗಿರಬೇಕು. ಫೋನನ್ನು ಗೇಟಿನ ಪೆಟ್ಟಿಗೆಯಲ್ಲಿ ಬಿಡಬೇಕು. ಒಳಗಿನ ಕಾಗದ ಹೊರಗೆ ಬರಕೂಡದು, ಮಾತೂ ಬರಕೂಡದು. ನಮ್ಮದೇ ಸಂಸ್ಥೆಯ ಬೇರೆ ಊರಿನ ಘಟಕದವರು ಬಂದರೂ ಒಳಗೆ ಬಿಡುವ ಹಾಗಿಲ್ಲ. ಇದಕ್ಕೆಲ್ಲ ಒಪ್ಪಿ ಸಹಿ ಹಾಕುವಾಗ ನನ್ನ ಪೆನ್ನು ಎರಡು ಸಲ ಕೈಯಿಂದ ಜಾರಿತು. ಭದ್ರತಾ ಅಧಿಕಾರಿ, ಸೇನೆಯಿಂದ ನಿವೃತ್ತರಾಗಿ ಬಂದವರು, ಅದನ್ನು ಸುಮ್ಮನೆ ನೋಡಿದರು.

ಅಂದಾಜು ಮಾಡುವ ಕ್ರಮ ಕೇಳಲು ದೊಡ್ಡದು, ಮಾಡಲು ಸರಳ. ಕೈಯಲ್ಲಿ ನಕ್ಷೆ ಪೂರ್ತಿ ಇರುವುದಿಲ್ಲ. ಹಾಗಾಗಿ ಹಿಂದೆ ಕಟ್ಟಿದ, ಇದನ್ನೇ ಹೋಲುವ ಒಂದನ್ನು ಹಿಡಿದುಕೊಳ್ಳುತ್ತೇವೆ. ಅದರ ಒಂದೊಂದು ಹಂತಕ್ಕೆ ಎಷ್ಟಾಗಿತ್ತು ನೋಡುತ್ತೇವೆ: ಪಾಯ, ಕಂಬ, ತಟ್ಟೆ ತಿರುಗಿಸುವ ದೊಡ್ಡ ಬೇರಿಂಗ್, ಮೋಟಾರು, ಕೊನೆಗೆ ಪರೀಕ್ಷೆ. ಹೊಸದು ದೊಡ್ಡದಾದರೆ ಅಷ್ಟು ಏರಿಸುತ್ತೇವೆ, ಬೆಲೆ ಏರಿದ್ದಕ್ಕೆ ಇಷ್ಟು, ಕಷ್ಟದ ಕೆಲಸಕ್ಕೆ ಇಷ್ಟು, ಗೊತ್ತಿಲ್ಲದ್ದಕ್ಕೆ ಮತ್ತಿಷ್ಟು. ನಾನು ಹಿಡಿದುಕೊಂಡದ್ದು ಸಾರ್ ಕಟ್ಟಿಸಿದ ಹಳೆಯ ಆಂಟೆನಾವನ್ನೇ. ಬೇರೆ ಯಾವುದನ್ನು ಹಿಡಿಯಲಿ? ಲೆಕ್ಕ ಮುಗಿಸಿದಾಗ ಮೊತ್ತ ಮಿತಿಯೊಳಗೆ ಸಲೀಸಾಗಿ ಕೂತಿತು. ಸಾರ್ ಕ್ಯಾಂಟೀನಿನಿಂದ ಕಾಫಿ ತರಿಸಿ, "ನನ್ನ ಶಿಷ್ಯೆ ಅಂದ್ರೆ ಸುಮ್ನೇನಾ" ಅಂದರು. ಆ ಕಾಫಿಯಷ್ಟು ರುಚಿಯಾದ ಕಾಫಿಯನ್ನು ಆ ವರ್ಷ ನಾನು ಮತ್ತೆ ಕುಡಿಯಲಿಲ್ಲ.

ಅದರ ಮುಂದಿನ ಭಾನುವಾರ ತವರಿಗೆ ಹೋಗಿದ್ದೆ. ಕೊಣನೂರಿನ ಹತ್ತಿರದ ಹಳ್ಳಿ, ಅಣ್ಣ ಬೇಸಾಯ ಮಾಡುತ್ತಾನೆ. ಆ ವರ್ಷ ಅವನು ಬೀಜದ ಕಂಪನಿಯೊಂದಕ್ಕೆ ಮೆಣಸಿನಕಾಯಿ ಬೀಜ ಬೆಳೆದುಕೊಡಲು ಒಪ್ಪಿದ್ದ. ಮನೆಯ ಪಕ್ಕದ ಹೊಲದ ಮೇಲೆಲ್ಲ ಬಿಳಿ ಬಲೆ ಹೊದೆಸಿದ್ದರು, ಬಾಗಿಲಿಗೆ ಬೀಗ. ಕೆಲಸದ ಕಾಲದಲ್ಲಿ ನಮ್ಮ ಹಟ್ಟಿಯ ತುಂಬ ಜನ ಇರುವುದು ರೂಢಿ. ಆವತ್ತು ಭಣಭಣ ಅನ್ನುತ್ತಿತ್ತು.

"ಯಾಕತ್ತಿಗೆ, ಯಾರೂ ಇಲ್ಲ?" ಅಂದೆ.

"ಯಾರ್ ಬತ್ತಾರವ್ವ?" ಅತ್ತಿಗೆ ಮುದ್ದೆ ಕಟ್ಟುತ್ತಲೇ ಸಿಡುಕಿದರು. "ಬ್ಯಾರೆಯೋರ್ನ ಒಳೀಕೆ ಬಿಡ್ಬ್ಯಾಡಿ ಅಂದವ್ರೆ ಕಂಪ್ನಿಯೋರು. ರೋಗ ಅಂಟ್ಕತದಂತೆ, ಬೀಜ ಕದ್ಕಂಡೋಯ್ತಾರಂತೆ. ಆಚೆಮನೆ ಅಕ್ಕ, ಕೆರೆಕೋಡಿಯೋರು, ಎಲ್ಲಾರೂ ಮುಯ್ಯಾಳ್ಗೆ ಬತ್ತೀವಿ ಅಂತ ಬಂದ್ರು. ಬಾಗ್ಲಲ್ಲೇ ನಿಲ್ಸಿ ಕಳಿಸ್ಬೇಕಾಯ್ತು, ನಂಗೆ ಮಖ ತೋರ್ಸಕ್ಕಾಗ್ನಿಲ್ಲ. ಈಗ ಕಂಪ್ನಿ ಒಪ್ಪಿದ ಆಳ್ಗೇ ಕೂಲಿ ಕೊಟ್ಟು ಮಾಡಿಸ್ತಾವ್ರೆ ನಿಮ್ಮಣ್ಣ. ಓದ್ವರ್ಸದ ಖರ್ಚು ನೋಡ್ಕಂಡು ಊಂ ಅಂದ್ಬುಟ್ಟು ಈಗ ತಲೆ ಮ್ಯಾಲೆ ಕೈ ಒತ್ಕಂಡವ್ರೆ."

ನಮ್ಮ ಕಡೆ ಮುಯ್ಯಾಳು ಅಂದರೆ ಇಷ್ಟೇ. ಇವತ್ತು ನೀವು ನಮ್ಮ ಹೊಲಕ್ಕೆ ಬಂದು ದುಡಿಯಿರಿ, ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ. ಕೂಲಿ ಇಲ್ಲ, ಊಟ ಇದೆ. ನಾನು ಹುಟ್ಟಿದಾಗಿನಿಂದ ನೋಡಿದ್ದು.

"ಓದ್ವರ್ಸ ಯಾಕೆ ಅಷ್ಟು ಕಡಿಮೆ ಆಗಿತ್ತಣ್ಣ?" ಅಂತ ಕೇಳಿದೆ.

ಅಣ್ಣ ನಕ್ಕ. "ಓದ್ವರ್ಸ ಎಲ್ಲಾ ಮುಯ್ಯಾಳ್ನಲ್ಲೇ ಆಗೋಯ್ತು ಕಣಮ್ಮಿ. ಮುಯ್ಯಾಳ್ಗೆ ಯಾವನು ಕೂಲಿ ಲೆಕ್ಕ ಹಾಕ್ತಾನೆ?"

ಬಾಯಿಗೆ ಹೋಗುತ್ತಿದ್ದ ತುತ್ತು ಕೈಯಲ್ಲೇ ನಿಂತಿತು. ಅಂಗೈ ಬೆವರಿತು. ಅತ್ತಿಗೆ ಸಾರು ಖಾರವಾಯಿತೇನೋ ಅಂದುಕೊಂಡು ಮಜ್ಜಿಗೆ ತರಲು ಎದ್ದರು.

ಮಾರನೆಯ ದಿನ ಸಾರ್ ಊಟಕ್ಕೆ ಹೋದಾಗ ಅವರ ಕೋಣೆಗೆ ಹೋಗಿ ಆ ಫೋಟೋದ ಮುಂದೆ ನಿಂತೆ. ಕಡತದ ಪ್ರಕಾರ ಹಳೆಯ ಆಂಟೆನಾಕ್ಕೆ ಯಾರು ಯಾರು ಎಷ್ಟು ತಿಂಗಳು ದುಡಿದರು ಅನ್ನುವುದು ನನಗೆ ಬಾಯಿಪಾಠವಾಗಿತ್ತು, ಆ ಲೆಕ್ಕದ ಮೇಲೇ ನನ್ನ ಅಂದಾಜು ನಿಂತದ್ದು. ಅವರನ್ನು ಒಬ್ಬೊಬ್ಬರಾಗಿ ಗುರುತು ಹಿಡಿದೆ. ಮುಗಿಯಿತು. ಫೋಟೋದಲ್ಲಿ ಇನ್ನೂ ಅಷ್ಟೇ ಮುಖಗಳು ಉಳಿದಿದ್ದವು. ಯಾರಿವರು? ಮೈಯೆಲ್ಲ ಗ್ರೀಸ್ ಮಾಡಿಕೊಂಡು, ಸಾರ್ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದಾರಲ್ಲ, ಇವರ ಸಂಬಳ ಎಲ್ಲಿ ಹೋಯಿತು?

ಅವರಲ್ಲಿ ಒಬ್ಬರ ಮುಖ ನೋಡಿದ ನೆನಪಿತ್ತು. ಬೇರೆ ರಾಜ್ಯದ ನಮ್ಮ ಘಟಕದಲ್ಲಿ ಪರೀಕ್ಷೆಯ ಎಂಜಿನಿಯರ್ ಆಗಿದ್ದು, ನಿವೃತ್ತಿಯಾದ ಮೇಲೆ ಹುಟ್ಟೂರು ಚನ್ನರಾಯಪಟ್ಟಣಕ್ಕೆ ಬಂದು ನೆಲೆಸಿದವರು. ಶನಿವಾರ ಬಸ್ ಹತ್ತಿದೆ. ಹಳೆಯ ಆಂಟೆನಾ ಗುಟ್ಟಿನ ಕೆಲಸವಲ್ಲ, ಅದರ ಬಗ್ಗೆ ಯಾರ ಜೊತೆ ಬೇಕಾದರೂ ಮಾತಾಡಬಹುದು ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಆದರೂ ಹಿಂದಿನ ಸೀಟಿನವನು ಕೆಮ್ಮಿದಾಗಲೆಲ್ಲ ತಿರುಗಿ ನೋಡುತ್ತಿದ್ದೆ.

"ಬನ್ನಿ ತಾಯಿ, ಕೂತ್ಕಳಿ" ಅಂದರು ಅವರು. ಹಳೆಯ ಆಂಟೆನಾ ಅಂದ ಕೂಡಲೇ ಮುಖ ಅರಳಿತು. "ಮರೆಯಕ್ಕಾಯ್ತದಾ? ಒಂದ್ ಮಳೆಗಾಲ ಪೂರ್ತಿ ಅಲ್ಲೇ ಬಿದ್ದಿದ್ವಿ. ತಿರುಗೋ ತಟ್ಟೆ ನಿಲ್ಸಿದ್ರೆ ಅದುರೋದು, ನಿಲ್ತಾನೇ ಇರ್ನಿಲ್ಲ. ನಿಮ್ಮ ಸಾಹೇಬ್ರು ಒಂದ್ ಫೋನ್ ಮಾಡಿದ್ರು, ನಾವೊಂದು ತಂಡ ಹೊರಟು ಬಂದ್ವಿ."

"ಸಂಬಳ?"

"ನಮ್ ಘಟಕದೋರು ಕೊಡ್ತಿದ್ರಲ್ಲ. ಇಲ್ಲಿ ಊಟ ನಿಮ್ಮ ಸಾಹೇಬ್ರ ಮನೇದು. ಅವರ ಮನೆಯೋರು ಮಾಡೋ ಹುಳಿ, ಆಹಾ! ಬೇರಿಂಗೂ ನಾವೇ ಲಾರೀಲಿ ತಂದಿದ್ದು. ನಮ್ಮಲ್ಲಿ ಹೆಚ್ಚುವರಿ ಇತ್ತು. ಮುಂದೆ ನಮ್ ಕೆಲಸಕ್ಕೆ ನಿಮ್ಮೋರು ಬಂದು ತೀರಿಸಿದ್ರು. ಅದನ್ನೆಲ್ಲ ಯಾರಾದ್ರೂ ಬರೆದಿಟ್ಕತಾರಾ ತಾಯಿ?"

ಇಡೀ ಆಂಟೆನಾ ಮುಯ್ಯಾಳಿನಲ್ಲಿ ಎದ್ದು ನಿಂತಿತ್ತು. ನಾನು ಅದೇ ಖರ್ಚನ್ನು ತಂದು, ಮುಯ್ಯಾಳು ಕಾಲಿಡುವಂತಿಲ್ಲದ ಗೋಡೆಯ ಒಳಗಿನ ಕೆಲಸಕ್ಕೆ ಅಂದಾಜು ಅಂತ ಬರೆದಿದ್ದೆ. ಹೊಸ ಕೆಲಸದಲ್ಲಿ ಯಾರಿಗೂ ಒಂದು ಫೋನ್ ಮಾಡಿ ಕರೆಯುವ ಹಾಗಿಲ್ಲ. ಒಂದು ಬೇರಿಂಗ್ ಎರವಲು ತರುವ ಹಾಗಿಲ್ಲ. ಪ್ರತಿಯೊಂದು ಕೈಯನ್ನೂ ಒಪ್ಪಿಗೆ ಪಡೆದು, ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು.

ಕಡಿಮೆ ಅಂದಾಜಿನ ಗತಿ ಏನು ಅಂತ ನಾನು ಕಣ್ಣಾರೆ ಕಂಡಿದ್ದೆ. ಇನ್ನೊಂದು ಘಟಕದಲ್ಲಿ ಅರ್ಧಕ್ಕೆ ನಿಂತ ಕಂಬವೊಂದು ತುಕ್ಕು ಹಿಡಿದು ನಿಂತಿದೆ. ಅಂದಾಜು ಬರೆದವರನ್ನು ವರ್ಷಗಟ್ಟಲೆ ವಿಚಾರಣೆಗೆ ಕರೆಸಿ, ಅವರು ನಿವೃತ್ತಿಯಾದ ಮೇಲೂ ಕರೆಸುತ್ತಲೇ ಇದ್ದರು. ನಮ್ಮದರಲ್ಲಿ ಅದಕ್ಕಿಂತ ಘೋರ. ಉಪಗ್ರಹ ಹೇಳಿದ ಹೊತ್ತಿಗೆ ಹಾರಿಬಿಡುತ್ತದೆ, ಕೆಳಗೆ ಅದರ ಮಾತು ಕೇಳುವ ತಟ್ಟೆ ಇರುವುದಿಲ್ಲ. ಅದನ್ನೇ ನೆಚ್ಚಿಕೊಂಡು ಗಡಿಯ ಬೆಟ್ಟದ ಮೇಲೆ ಕೂತವರು ಮೌನವನ್ನು ಕೇಳಿಸಿಕೊಳ್ಳುತ್ತಾ ಕೂರಬೇಕು. ಹೆಚ್ಚು ಹೇಳಿದರೆ ಸಾರ್ ಕನಸು ದೆಹಲಿಯ ಪಾಲು. ಅತ್ತ ದರಿ, ಇತ್ತ ಪುಲಿ ಅನ್ನುವುದು ಇದಕ್ಕೇ.

ಸೋಮವಾರ ಗೇಟಿನ ಬಳಿ ಗಾರ್ಡ್ ತಡೆದ. "ಮೇಡಂ, ಸೆಕ್ಯೂರಿಟಿ ಸಾಹೇಬ್ರು ಕರೀತಾವ್ರೆ. ಪಾಸ್ ಇಲ್ಲೇ ಕೊಟ್ಬುಟ್ಟು ಓಗ್ಬೇಕಂತೆ."

ನನ್ನ ಮುಖ ನೋಡಿ ಗಾರ್ಡ್ ಕುರ್ಚಿ ತಂದುಕೊಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನಾನು ಏನೂ ಕದಿಯದೆ ಚೀಲ ತೆಗೆದು ನೋಡಿಕೊಂಡೆ. ಅದರಲ್ಲಿ ಡಬ್ಬಿ, ಕೊಡೆ, ಅತ್ತಿಗೆ ಕೊಟ್ಟ ಹುರಿಗಾಳು.

ಭದ್ರತಾ ಅಧಿಕಾರಿ ಎದ್ದು ನಿಂತು ಕೂರಲು ಹೇಳಿದರು. ಮರ್ಯಾದೆ ಜಾಸ್ತಿಯಾದಷ್ಟೂ ನನಗೆ ಭಯ ಜಾಸ್ತಿಯಾಯಿತು.

"ಶನಿವಾರ ಚನ್ನರಾಯಪಟ್ಟಣಕ್ಕೆ ಹೋಗಿದ್ದಿರಿ."

ಅದು ಪ್ರಶ್ನೆಯಾಗಿರಲಿಲ್ಲ. ಆ ನಿವೃತ್ತ ಎಂಜಿನಿಯರು ಖುಷಿಯಲ್ಲಿ ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡಿ, ನಿಮ್ಮ ಕಚೇರಿಯ ಹೆಣ್ಣುಮಗಳು ಬಂದಿದ್ದರು ಅಂದಿದ್ದಾರೆ. ಅದು ಸುತ್ತಿ ಇಲ್ಲಿಗೆ ಬಂದಿತ್ತು.

"ಹೊಸ ಕೆಲಸದ ಬಗ್ಗೆ ಏನು ಹೇಳಿದಿರಿ?"

"ಏ... ಏನೂ ಇಲ್ಲ ಸರ್. ಹಳೇದರ ಬಗ್ಗೆ ಕೇಳಿದೆ."

"ಹಳೇದರ ಬಗ್ಗೆ ಈಗ ಯಾಕೆ ಕೇಳಬೇಕಾಯಿತು?"

ಅಲ್ಲಿಗೆ ನಾಲಿಗೆ ಅಂಟಿಕೊಂಡಿತು. ಯಾಕೆ ಅಂತ ಹೇಳಿದರೆ ಅಂದಾಜಿನ ಮಾತು ಬರುತ್ತದೆ, ಅಂದಾಜು ಗುಟ್ಟು. ಹೇಳದಿದ್ದರೆ ಕಳ್ಳಿ. ಕಣ್ಣಲ್ಲಿ ನೀರು ಬಂದೇಬಿಟ್ಟಿತು, ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ. ಅವರು ನೀರಿನ ಲೋಟ ಮುಂದೆ ಸರಿಸಿ, ವಿಷಯ ಇತ್ಯರ್ಥ ಆಗುವವರೆಗೆ ಪಾಸ್ ತಮ್ಮ ಬಳಿಯೇ ಇರುತ್ತದೆ ಅಂದರು. ಸಮಿತಿ ಬರಲು ಕೆಲವೇ ದಿನ ಬಾಕಿ. ತಪ್ಪು ಅಂದಾಜು ಗೋಡೆಯ ಒಳಗೆ, ಅದನ್ನು ತಿದ್ದಬೇಕಾದ ನಾನು ಗೋಡೆಯ ಹೊರಗೆ.

ಹೊರಗಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು ದಿನ ದೂಡಿದೆ. ನನ್ನನ್ನು ಕಂಡರೆ ಕ್ಯಾಂಟೀನಿನಲ್ಲಿ ಮಾತು ನಿಲ್ಲುತ್ತಿತ್ತು. ಮನೆಯಲ್ಲಿ ಗಂಡ "ಏನಾಯ್ತೇ?" ಅಂದರೆ ಹೇಳುವ ಹಾಗಿಲ್ಲ. "ತಲೆನೋವು" ಅಂದೆ. ಆ ವಾರವೆಲ್ಲ ನನಗೆ ತಲೆನೋವೇ. ಬೆಂಚಿನ ಮೇಲೆ ಕೂತು ಕೆಲಸಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಬಿಡಿಸಿದೆ. ಈ ಸಲ ಹಳೆಯದರ ಹೋಲಿಕೆ ಬಿಟ್ಟು, ಪ್ರತಿ ಹಂತಕ್ಕೂ ನಿಜವಾಗಿ ಎಷ್ಟು ಕೈ ಬೇಕು ಅಂತ. ಕಾಗದದ ಮೇಲೆ ಒಂದಕ್ಷರ ಬರೆಯಲಿಲ್ಲ, ಅದೂ ಅಪರಾಧವಾದರೆ?

ಕೊನೆಗೆ ಸಾರ್ ಹೋಗಿ ಭದ್ರತಾ ಅಧಿಕಾರಿಗೆ ತಮ್ಮ ಹೊಣೆ ಬರೆದುಕೊಟ್ಟು ಪಾಸ್ ಬಿಡಿಸಿಕೊಂಡು ಬಂದರು. ನನ್ನ ಕೈಗೆ ಕೊಟ್ಟು, "ಏನಮ್ಮ ಇದು, ಚನ್ನರಾಯಪಟ್ಟಣಕ್ಕೆ ಯಾಕೆ ಹೋಗಿದ್ದೆ? ನನ್ನನ್ನೇ ಕೇಳಬಾರದಿತ್ತಾ?" ಅಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಗೋಡೆಯ ಒಳಗೆ ಕೂತು ಹೊಸ ಅಂದಾಜು ಇಳಿಸಿದೆ. ಅರ್ಧಕ್ಕರ್ಧ ಏರಿತು. ಮಿತಿ ಎಲ್ಲೋ ಕೆಳಗೆ ಉಳಿಯಿತು. ಅದನ್ನು ಸಾರ್ ಮುಂದಿಟ್ಟು ಕಣ್ಣು ಮುಚ್ಚಿಕೊಂಡೆ.

ಓದಿ ಮುಗಿಸಿ ಅವರು ಹಾಳೆಗಳನ್ನು ಮಗುಚಿಟ್ಟರು. ಆಮೇಲೆ, "ಅಂದ್ರೆ ನಾನು ಮಾಡಿದ್ದು ಸುಳ್ಳು ಅಂತೀಯಾ?" ಅಂದರು.

"ಅಯ್ಯೋ, ಇಲ್ಲ ಸಾರ್!"

"ಮತ್ತೆ? ಮೂವತ್ತು ವರ್ಷದಿಂದ ಆ ಆಂಟೆನಾ ಕಡಿಮೆ ಖರ್ಚಿನದು ಅಂತ ಪಾಠ ಹೇಳ್ತಿದೀನಿ. ನಿನಗೂ ಹೇಳಿದೀನಿ. ಈಗ ನೀನೇ ಸಮಿತಿ ಮುಂದೆ ನಿಂತು ಅದಲ್ಲ ಅಂತೀಯಾ?"

"ಆಗ ಮುಯ್ಯಾಳು ಬಂದಿದ್ದರು ಸಾರ್. ಈಗ ಬರೋ ಹಾಗಿಲ್ಲ."

ಅವರು ಕಿಟಕಿಯ ಕಡೆ ತಿರುಗಿದರು. ಆ ಕಟ್ಟಡಕ್ಕೆ ಕಿಟಕಿಯೇ ಇಲ್ಲ ಅನ್ನುವುದು ಆಗ ನೆನಪಾಗಿ ಮತ್ತೆ ನನ್ನ ಕಡೆ ತಿರುಗಿದರು. "ಒಂದು ಕೆಲಸ ಮಾಡೋಣ. ಮೊದಲಿನದನ್ನೇ ಕಳಿಸ್ತೀನಿ. ನಿನ್ನ ಹೆಸರು ತೆಗೆದುಬಿಡ್ತೀನಿ. ನಾಳೆ ಏನಾದರೂ ಆದರೆ ನನ್ನ ತಲೆಗೆ. ನೀನು ಮಕ್ಕಳೊಂದಿಗಳು, ಹೆದರಿಕೊಂಡಿದೀಯ. ಹೋಗು, ಮನೆಗೆ ಹೋಗಿ ನಿದ್ದೆ ಮಾಡು."

ಸತ್ಯ ಹೇಳುತ್ತೇನೆ, ಆ ಕ್ಷಣ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಹೆಸರಿಲ್ಲದಿದ್ದರೆ ವಿಚಾರಣೆ ಇಲ್ಲ, ಸಮಿತಿ ಇಲ್ಲ, ಬೆಂಚಿಲ್ಲ. "ಆಗಲಿ ಸಾರ್" ಅನ್ನುವ ಮಾತು ತುಟಿಯವರೆಗೆ ಬಂತು. ಅದನ್ನು ಅಲ್ಲಿಗೇ ಬಿಟ್ಟು ಹೊರಗೆ ಬಂದೆ. ಗೇಟು ದಾಟಿ ಪೆಟ್ಟಿಗೆಯಿಂದ ಫೋನ್ ತೆಗೆದುಕೊಂಡಾಗ ಅತ್ತಿಗೆಯ ಕರೆ ಬಂದಿತ್ತು. ವಾಪಸು ಮಾಡಿದೆ. ಅಣ್ಣ ಬಲೆಯ ಹೊಲವನ್ನು ಅರ್ಧಕ್ಕೇ ಕೈಬಿಟ್ಟನಂತೆ. "ಗಿಡ ಉಳಿಸ್ಕಳಕ್ಕೆ ಆಳಿಲ್ಲ ಕಣವ್ವ. ಮೊದ್ಲೇ ಗೊತ್ತಾಗಿದ್ರೆ ಅರ್ಧ ಹೊಲಕ್ಕೇ ಒಪ್ಕಬೋದಿತ್ತು. ಈಗ ಅದೂ ಇಲ್ಲ, ಇದೂ ಇಲ್ಲ" ಅಂದರು.

ಫೋನನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಒಳಗೆ ಹೋದೆ. "ಸಾರ್, ಹೆಸರು ತೆಗೆಯಬೇಡಿ. ಹೊಸ ಅಂದಾಜೇ ಹೋಗಲಿ. ಅದಕ್ಕೆ ನನ್ನ ಹೆಸರಿರಲಿ. ಎರಡು ಆಂಟೆನಾ ಆಗದಿದ್ದರೆ ಒಂದನ್ನಾದರೂ ಪೂರ್ತಿ ಕಟ್ಟಲಿ" ಅಂದೆ. ಸಾರ್ ಆಗಲಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಸಮಿತಿ ಬರುವವರೆಗೆ ನನ್ನ ಜೊತೆ ಮಾತು ಬಿಟ್ಟರು. ಯಾವ ಅಂದಾಜು ಹೋಗಿದೆ ಅನ್ನುವುದೂ ನನಗೆ ಗೊತ್ತಾಗಲಿಲ್ಲ.

ಸಮಿತಿಯ ದಿನ ಬಂತು. ಉದ್ದನೆಯ ಮೇಜು, ಆ ತುದಿಯಲ್ಲಿ ಅಧ್ಯಕ್ಷರು, ಅವರ ಪಕ್ಕ ಸಮವಸ್ತ್ರದ ಸೇನಾಧಿಕಾರಿ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು, ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲಿ. ಹೆದರಿದಾಗ ನನ್ನ ತಲೆ ಕನ್ನಡದಲ್ಲೇ ಓಡುತ್ತದೆ. ಸಾರ್ ಎದ್ದು ಪರದೆಯ ಮೇಲೆ ಮೊತ್ತ ತೋರಿಸಿದರು. ನನ್ನದೇ ಹೊಸ ಮೊತ್ತ, ಕೆಳಗೆ ನನ್ನ ಹೆಸರು. ಓಡಿಹೋಗೋಣ ಅನ್ನಿಸಿತು.

"ಇದು ಮಿತಿ ಮೀರಿದೆ" ಅಂದರು ಅಧ್ಯಕ್ಷರು. "ಹಳೆಯದನ್ನು ಇದರ ಎಷ್ಟೋ ಪಾಲು ಕಡಿಮೆಗೆ ಮಾಡಿದವರು ನೀವೇ ಅಲ್ಲವೇ? ಯಾರು ಈ ಅಂದಾಜು ಬರೆದವರು?"

ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ನಿಂತೆ. ಕಾಗದದ ಮೇಲಿನ ಅಕ್ಷರಗಳು ಇರುವೆಗಳ ಹಾಗೆ ಓಡಾಡುತ್ತಿದ್ದವು. ಕಾಗದ ಕೆಳಗಿಟ್ಟೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತಾರೆ, ನನಗೆ ಚಳಿಯೂ ಆಯಿತು ಮಳೆಯೂ ಆಯಿತು. ಮುಯ್ಯಾಳು ಅನ್ನುವುದಕ್ಕೆ ಇಂಗ್ಲಿಷ್ ಪದ ಸಿಗದೆ 'ಮುಯ್ಯಾಳು' ಅಂತಲೇ ಅಂದುಬಿಟ್ಟೆ. ಆಮೇಲೆ ತಡವರಿಸುತ್ತ ಬಿಡಿಸಿ ಹೇಳಿದೆ. ನಮ್ಮ ಊರಲ್ಲಿ ಹೊಲದ ಕೆಲಸ ಹೀಗೆ ಆಗುತ್ತದೆ. ಹಳೆಯ ಆಂಟೆನಾ ಹಾಗೇ ಆಯಿತು. ಗೋಡೆ ಕಟ್ಟಿದ ಮೇಲೆ ಹಾಗೆ ಆಗುವುದಿಲ್ಲ. ಗೋಡೆ ಬೇಕು ಅನ್ನುವುದಾದರೆ ಅದರ ಖರ್ಚು ಬರೀ ಇಟ್ಟಿಗೆಯದಲ್ಲ.

ಸೇನಾಧಿಕಾರಿ ಮೆಲ್ಲಗೆ, "ನಮ್ಮ ಹಳ್ಳಿಯಲ್ಲೂ ಇದಕ್ಕೊಂದು ಹೆಸರಿದೆ" ಅಂದರು.

ಅಧ್ಯಕ್ಷರು ಬಿಡಲಿಲ್ಲ. "ಹಾಗಾದರೆ ಹಳೆಯ ಖರ್ಚು ಸುಳ್ಳೇ?"

ಆ ಪ್ರಶ್ನೆಗೆ ನಾನು ಏನು ಹೇಳಿದರೂ ಸಾರ್ ಕುತ್ತಿಗೆಗೆ ಬರುತ್ತಿತ್ತು. ಅವರ ಮುಖ ನೋಡಲು ಧೈರ್ಯ ಬರಲಿಲ್ಲ. ಕುರ್ಚಿ ಸರಿದ ಸದ್ದಾಯಿತು.

"ಸುಳ್ಳಲ್ಲ, ಪೂರ್ತಿಯಲ್ಲ" ಅಂದರು ಸಾರ್. "ಲೆಕ್ಕದಲ್ಲಿ ಇಲ್ಲದ ಜನ ಬಂದು ದುಡಿದರು. ಹೊಗಳಿಕೆ ನನಗೊಬ್ಬನಿಗೆ ಬಂತು, ನಾನು ತೆಗೆದುಕೊಂಡೆ. ಈ ಹುಡುಗಿ ಹೇಳಿದ್ದು ಸರಿ." ಆಮೇಲೆ ಆ ಫೋಟೋದ ಮುಖಗಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದರು. ಅಧ್ಯಕ್ಷರು ಸಾಕು ಅಂದರೂ ಮುಗಿಯುವವರೆಗೆ ನಿಲ್ಲಿಸಲಿಲ್ಲ.

ಕಡತ ದೆಹಲಿಗೆ ಹೋಯಿತು. ಸಾರ್ ಹೆದರಿದ ಹಾಗೆಯೇ ಅಲ್ಲಿ ಕೂತಿತು. ಅದು ಅಲ್ಲಿರುವಾಗಲೇ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಹಾರ ಹಾಕಿಸಿಕೊಂಡು, ಫೋಟೋ ಬಗಲಲ್ಲಿಟ್ಟುಕೊಂಡು ಹೊಳೆನರಸೀಪುರಕ್ಕೆ ಹೋದರು. ಪಾಯದ ಮಾತು ಯಾರೂ ಎತ್ತಲಿಲ್ಲ. ನಾನಂತೂ ಅಡುಗೆಯವರ ಹಿಂದೆ ನಿಂತು ಅತ್ತೆ.

ಕಡತ ತಿರುಗಿ ಬಂದದ್ದು ಬಹಳ ತಡವಾಗಿ. ಎರಡರ ಬದಲು ಒಂದೇ ಆಂಟೆನಾ, ನನ್ನ ಅಂದಾಜಿನ ದರದಲ್ಲೇ. ಗೋಡೆಯ ಒಳಗೆ ಕಂಬ ಎದ್ದಿತು, ತಟ್ಟೆ ಏರಿತು, ತಿರುಗಿತು. ತಿರುಗಿ ನಿಲ್ಲುವಾಗ ಅದುರಿತು. ನಮ್ಮ ಹುಡುಗರು ಏನೇನೋ ಮಾಡಿದರು, ನಿಲ್ಲಲಿಲ್ಲ. ಉಪಗ್ರಹ ಹಾರುವ ದಿನ ಹತ್ತಿರ ಬರುತ್ತಿತ್ತು. ಮಾಡಿದ ಅಂದಾಜು ತಪ್ಪಾದರೆ ಅನ್ನುವ ಭಯ ಕೆಲಸ ಮುಗಿಯುವವರೆಗೂ ಬಿಡುವುದಿಲ್ಲ.

ಅಂಥದೊಂದು ಮಧ್ಯಾಹ್ನ ಗಾರ್ಡ್ ಬಂದ. "ಮೇಡಂ, ನಿಮ್ ಹಳೇ ಸಾಹೇಬ್ರು ಬಂದವ್ರೆ. ಒಳೀಕೆ ಬಿಡಂಗಿಲ್ಲ ಅಂದೆ. ಗೊತ್ತು ಕಣಯ್ಯ, ಇಲ್ಲೇ ನಿಂತಿರ್ತೀನಿ ಅಂದ್ರು."

ಗೇಟಿನ ಆಚೆ, ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಸಾರ್ ನಿಂತಿದ್ದರು. ಸಣ್ಣಗಾಗಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ಕಣ್ಣು ಗೋಡೆಯ ಮೇಲೆ ಕಾಣುವ ತಟ್ಟೆಯ ಅಂಚಿನ ಮೇಲೆ. ಆಗ ಒಳಗೆ ಯಾರೋ ಅದನ್ನು ತಿರುಗಿಸಿ ನಿಲ್ಲಿಸಿದರು. ಅಂಚು ಅದುರುವುದು ಅಲ್ಲಿಂದಲೇ ಕಾಣಿಸಿತು.

"ಅದುರ್ತಿದೆಯಲ್ಲಮ್ಮ" ಅಂದರು. "ನಮ್ಮದೂ ಹೀಗೇ ಅದುರಿತ್ತು. ಏನು ಮಾಡಿದೆವು ಅಂದ್ರೆ... ಮೊದಲು ಹೇಳು, ಬೇರಿಂಗ್ ಯಾವ ಥರದ್ದು ಹಾಕಿದೀರಿ?"

ನನ್ನ ತಲೆಯ ಮೇಲೆಯೇ ಕ್ಯಾಮೆರಾ ಇತ್ತು. ಬಾಯಿ ತೆರೆದೆ. ಇಂಥದ್ದು ಅನ್ನುವ ಹಾಗಿಲ್ಲ, ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ಈ ವಿದ್ಯೆ ಕಲಿಸಿದವರ ಮುಂದೆ ಮೂಗಿಯ ಹಾಗೆ ನಿಂತೆ. ಅವರು ನನ್ನನ್ನು ನೋಡಿದರು, ಕ್ಯಾಮೆರಾ ನೋಡಿದರು. ಅರ್ಥವಾಯಿತು.

"ಬೇಡ, ಹೇಳಬೇಡ. ನಿನ್ನ ಅಂದಾಜಿನಲ್ಲಿ ಹೊರಗಿನ ತಜ್ಞರನ್ನು ಒಪ್ಪಿಗೆ ತೆಗೆದುಕೊಂಡು ಕರೆಸೋದಕ್ಕೆ ಅಂತ ಇಟ್ಟಿದ್ದೆ ಅಲ್ವಾ?"

ಇಟ್ಟಿದ್ದೆ. ಚನ್ನರಾಯಪಟ್ಟಣದವರು ಹೇಳಿದ ಆ ಒಂದು ಮಳೆಗಾಲದ ಬಾಬ್ತಿಗೆ ಅಂತಲೇ ಇಟ್ಟಿದ್ದೆ. ತಲೆಯಾಡಿಸಲೂ ಹೆದರಿ ಸುಮ್ಮನೆ ನಿಂತೆ.

"ಅದನ್ನು ಖರ್ಚು ಮಾಡಿ. ಹಿಂದೆಮುಂದೆ ನೋಡಬೇಡಿ, ಇವತ್ತೇ ಬರೆಯಿರಿ." ಚೀಲ ನನ್ನ ಕೈಗೆ ಕೊಟ್ಟರು. "ಇದರಲ್ಲಿ ಕೋಡುಬಳೆ ಇದೆ, ಹುಡುಗರಿಗೆ. ಇದನ್ನಾದರೂ ಒಳಗೆ ಬಿಡ್ತಾರಾ ಕೇಳು."

ಗಾರ್ಡ್ ಚೀಲ ಬಿಚ್ಚಿ ನೋಡಿ ತಲೆಯಾಡಿಸಿದ. ಹಾಸನದ ಕಡೆಯ ಬಸ್ಸು ಬರುತ್ತಿತ್ತು. ಸಾರ್ ಕೈ ಅಡ್ಡ ಹಿಡಿದು ನಿಲ್ಲಿಸಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದರು.

"ಮುಯ್ಯಿಗೆ ಬಂದಿದ್ದೆ ಕಣಮ್ಮ" ಅಂದರು. "ನೀನು ಬರೆದದ್ದು ಸರಿಯಾಗೇ ಇತ್ತು."

ಬಸ್ಸು ಹೋಯಿತು. ನಾನು ಕೋಡುಬಳೆಯ ಚೀಲ ಹಿಡಿದುಕೊಂಡು ಒಳಗೆ ಹೋಗಿ, ದುಡ್ಡು ಕೊಟ್ಟು ಯಾರನ್ನು ಕರೆಸಬೇಕು ಅನ್ನುವ ಪತ್ರ ಬರೆಯಲು ಕೂತೆ.